ಸ್ಟಿಕ್ಕರ್ ಕೊನೆಗೆ ಓದಿ: ಹಳೇ ಸ್ಟೀಲ್ ಮೌಂಟನ್ ಬೈಕಿನ ದೋಷ, ವಯಸ್ಸು, ಬೆಲೆ

ಹಳೇ ಸ್ಟೀಲ್ ಮೌಂಟನ್ ಬೈಕಿನ ಫೋಟೋ ಕಳಿಸಿ ಜನ ಕೇಳುವುದು ಎರಡೇ ಪ್ರಶ್ನೆ. ಇದು ಯಾವ ವರ್ಷದ್ದು? ಎಷ್ಟು ಕೊಡಬಹುದು? ಇವೆರಡಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ಇದಕ್ಕೆ ಏನಾಗಿದೆ? ಮೂವತ್ತು ನಲವತ್ತು ವರ್ಷ ಹಳೆಯ ಬೈಕು, ಏನೂ ಆಗಿಲ್ಲ ಅಂದರೆ ನಂಬಬೇಡಿ. ಏನಾಗಿದೆ ಎಂದು ಸರಿಯಾಗಿ ಹುಡುಕುತ್ತಾ ಹೋದರೆ ಪೈಪು ಎಂಥದ್ದು ಅನ್ನುವುದು ತಿಳಿಯುತ್ತದೆ, ವರ್ಷವೂ ಸಿಗುತ್ತದೆ. ಬೆಲೆ ಕೊನೆಗೆ ತಾನಾಗಿ ಬರುತ್ತದೆ.

ನಾನಿರುವುದು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ. ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಮರಿನ್ ಕೌಂಟಿ. ಅಲ್ಲಿನ ಫೇರ್‌ಫ್ಯಾಕ್ಸ್ ಊರಿನ ಪಕ್ಕದ ಗುಡ್ಡದಲ್ಲಿ 1976ರಲ್ಲಿ ರೀಪ್ಯಾಕ್ ರೇಸ್ ಶುರುವಾಯಿತು. ದಪ್ಪ ಟಯರಿನ ಹಳೇ ಸೈಕಲ್ಲುಗಳಲ್ಲಿ ಗುಡ್ಡ ಇಳಿಯುವ ಪೈಪೋಟಿ. ಮುಂದಿನ ವರ್ಷ ಜೋ ಬ್ರೀಜ್ ಇದಕ್ಕೆಂದೇ ಹೊಸ ಫ್ರೇಮ್ ಕಟ್ಟಿದರು. 1979ರಲ್ಲಿ ಟಾಮ್ ರಿಚಿ ಕಟ್ಟಿದ ಫ್ರೇಮುಗಳನ್ನು ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ಮಾರಲು ಶುರು ಮಾಡಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಜಪಾನಿನಲ್ಲಿ ಮಾಡಿಸಿದ ಸ್ಟಂಪ್‌ಜಂಪರ್ ಅಂಗಡಿಗೆ ಬಂತು. ಇಷ್ಟೆಲ್ಲಾ ಇಲ್ಲೇ ಪಕ್ಕದಲ್ಲಿ ಆಗಿದ್ದರಿಂದ ಇಲ್ಲಿನ ಗ್ಯಾರೇಜ್ ಸೇಲುಗಳಲ್ಲಿ ಹಳೇ ಬೈಕು ಸಿಗುವುದೂ ಜಾಸ್ತಿ, ಈ ಕತೆ ಹೇಳಿ ಬೆಲೆ ಏರಿಸುವವರೂ ಜಾಸ್ತಿ.

ಕತೆ ಕೇಳಿಸಿಕೊಳ್ಳಿ, ತಲೆಯಾಡಿಸಿ. ಆಮೇಲೆ ಬೈಕನ್ನು ತಲೆಕೆಳಗು ಮಾಡಲು ಅನುಮತಿ ಕೇಳಿ.

ಜೇಬಿನಲ್ಲಿ ಇರಬೇಕಾದ್ದು

ಒಂದು ಆಯಸ್ಕಾಂತ, ವರ್ನಿಯರ್ ಕ್ಯಾಲಿಪರ್, ಮೂರು ಮೀಟರ್ ದಾರ, 5 ಮತ್ತು 6 ಎಂಎಂ ಆಲನ್ ಕೀ, ಟಾರ್ಚು, ಹಳೇ ಬಟ್ಟೆ. ಇಷ್ಟು ಸಾಕು. ಆಯಸ್ಕಾಂತ ಯಾಕೆಂದರೆ 1990ರ ಹೊತ್ತಿಗೆ ಅಲ್ಯೂಮಿನಿಯಂ ಫ್ರೇಮುಗಳೂ ಜಾಸ್ತಿ ಬಂದವು. ದಪ್ಪ ಬಣ್ಣ ಬಳಿದರೆ ಮೊದಲ ನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ. ಅಂಟಿಕೊಂಡರೆ ಸ್ಟೀಲು.

ಮೊದಲು ಫ್ರೇಮು

ಬೇರೆ ಏನು ಕೆಟ್ಟಿದ್ದರೂ ಬದಲಾಯಿಸಬಹುದು. ಫ್ರೇಮು ಹೋಗಿದ್ದರೆ ನೀವು ಕೊಳ್ಳುತ್ತಿರುವುದು ಬಿಡಿಭಾಗಗಳ ಮೂಟೆ. ಹಾಗಾಗಿ ಗೇರು ಬ್ರೇಕು ಮುಟ್ಟುವ ಮೊದಲು ಇದನ್ನು ಮುಗಿಸಿ.

ಎದುರಿನಿಂದ ಗುದ್ದಿದ ಬೈಕು ಒಂದು ಗುರುತು ಉಳಿಸಿರುತ್ತದೆ. ಹೆಡ್ ಪೈಪು ಅಂದರೆ ಹ್ಯಾಂಡಲ್ ಕೂರುವ ಮುಂದಿನ ಗಿಡ್ಡ ಪೈಪು, ಡೌನ್ ಪೈಪು ಅಂದರೆ ಅಲ್ಲಿಂದ ಪೆಡಲ್ ಕಡೆಗೆ ಇಳಿಯುವ ಪೈಪು. ಹೆಡ್ ಪೈಪಿನ ಹಿಂದೆ, ಡೌನ್ ಪೈಪಿನ ಕೆಳಮೈಯಲ್ಲಿ, ಎರಡು ಮೂರು ಇಂಚಿನ ಒಳಗೆ ಸಣ್ಣ ಸುಕ್ಕು. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಬಟ್ಟೆಯಿಂದ ಒರೆಸಿ, ಹೆಬ್ಬೆರಳನ್ನು ನಿಧಾನವಾಗಿ ಕೆಳಗೆ ಜಾರಿಸಿ. ಅಲೆ ಥರ ಸಿಕ್ಕಿದರೆ ಅಲ್ಲೇ ನಿಲ್ಲಿ. ಆ ಜಾಗದಲ್ಲಿ ಬಣ್ಣ ಅಡ್ಡಡ್ಡ ಸೀಳಿದ್ದರೆ ಅನುಮಾನವೇ ಬೇಡ. ಹೆಡ್ ಪೈಪಿನಿಂದ ಸೀಟಿನ ಕಡೆಗೆ ಹೋಗುವ ಟಾಪ್ ಪೈಪಿನ ಕೆಳಭಾಗವನ್ನೂ ಹಾಗೇ ನೋಡಿ.

ಫ್ರೇಮು ಉಳಿದು, ಮುಂದಿನ ಚಕ್ರ ಹಿಡಿಯುವ ಫೋರ್ಕು ಮಾತ್ರ ಬೆಂಡಾಗಿರುವುದೂ ಉಂಟು. ಬೈಕಿನ ಪಕ್ಕದಲ್ಲಿ ಕುಳಿತು ನೋಡಿ. ಫೋರ್ಕಿನ ಕಾಲುಗಳು ಮೇಲ್ಭಾಗದಲ್ಲಿ ಹೆಡ್ ಪೈಪಿನ ಗೆರೆಯಲ್ಲೇ ಬಂದು, ಕೆಳಗೆ ಮುಂದಕ್ಕೆ ಬಾಗಬೇಕು. ಮೇಲಿನಿಂದಲೇ ಹಿಂದಕ್ಕೆ ವಾಲಿದ್ದರೆ ಗುದ್ದಿದೆ. ಕೆಲವು ಫೋರ್ಕುಗಳು ಪೂರ್ತಿ ನೇರವಾಗಿದ್ದು ಮೇಲಿನ ತಿರುವಿನಿಂದಲೇ ಸ್ವಲ್ಪ ಮುಂದಕ್ಕೆ ಹೊರಟಿರುತ್ತವೆ. ಅದು ವಿನ್ಯಾಸ, ದೋಷವಲ್ಲ. ಹಿಂದಕ್ಕೆ ಹೋಗಿದೆಯೇ ಅನ್ನುವುದಷ್ಟೇ ನಿಮ್ಮ ಪ್ರಶ್ನೆ.

ಈಗ ದಾರ. ಹಿಂದಿನ ಚಕ್ರ ಕೂರುವ ಒಂದು ಕೊಕ್ಕೆಗೆ ದಾರ ಕಟ್ಟಿ, ಮುಂದೆ ಹೆಡ್ ಪೈಪನ್ನು ಸುತ್ತಿಸಿ, ಇನ್ನೊಂದು ಬದಿಯ ಕೊಕ್ಕೆಗೆ ಬಿಗಿಯಾಗಿ ತಂದು ಕಟ್ಟಿ. ಸೀಟಿನಿಂದ ಪೆಡಲ್ ಕಡೆಗೆ ಇಳಿಯುವ ಸೀಟ್ ಪೈಪಿಗೂ ದಾರಕ್ಕೂ ಇರುವ ಅಂತರವನ್ನು ಎರಡೂ ಕಡೆ ಅಳೆಯಿರಿ. ಒಂದು ಎರಡು ಎಂಎಂ ವ್ಯತ್ಯಾಸ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕಿಂತ ಜಾಸ್ತಿ ಇದ್ದರೆ ಹಿಂದಿನ ತ್ರಿಕೋನ ಒಂದು ಕಡೆಗೆ ವಾಲಿದೆ. ಸ್ಟೀಲಿನ ಒಳ್ಳೇ ಗುಣ ಇಲ್ಲೇ ಇರುವುದು. ಅನುಭವ ಇರುವವರು ಇದನ್ನು ಬಗ್ಗಿಸಿ ಸರಿ ಮಾಡುತ್ತಾರೆ. ಹಿಂದಿನ ಗೇರ್ ನೇತಾಡುವ ಕೊಕ್ಕೆ ಬೆಂಡಾಗಿದ್ದರೂ ಅಷ್ಟೇ. ಅಲ್ಯೂಮಿನಿಯಂ ಆಗಿದ್ದರೆ ಹಾಗೆ ಬಗ್ಗಿಸಲು ಧೈರ್ಯ ಬರುವುದಿಲ್ಲ.

ಬಿರುಕು ಹುಡುಕುವ ಜಾಗಗಳು ಗೊತ್ತಿದ್ದರೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಬಾಟಮ್ ಬ್ರಾಕೆಟ್ಟಿನ ಹಿಂದೆ, ಅಂದರೆ ಪೆಡಲ್ ಆಕ್ಸಲ್ ಕೂರುವ ಡಬ್ಬಿಗೆ ಹಿಂದಿನ ಕೆಳ ಪೈಪುಗಳು ಸೇರುವಲ್ಲಿ. ಚೈನ್ ಬದಿಯ ಕೆಳ ಪೈಪು ಹಿಂದಿನ ಕೊಕ್ಕೆಗೆ ಸೇರುವಲ್ಲಿ. ಸೀಟ್ ಪೈಪಿನ ತುದಿಯ ಸೀಳಿನ ಕೆಳಗೆ. ಹೆಡ್ ಪೈಪು ಮತ್ತು ಡೌನ್ ಪೈಪು ಕೂಡುವಲ್ಲಿ. ಟಾರ್ಚನ್ನು ನೇರವಾಗಿ ಹಿಡಿಯಬೇಡಿ, ಪಕ್ಕದಿಂದ ಹಿಡಿಯಿರಿ. ಬಣ್ಣದ ಬಿರುಕು ಮತ್ತು ಲೋಹದ ಬಿರುಕು ಬೇರೆ ಬೇರೆ. ಗೆರೆಯಿಂದ ಕಂದು ತುಕ್ಕು ಒಸರುತ್ತಿದ್ದರೆ ಲೋಹವೇ ಸೀಳಿರುವ ಸಾಧ್ಯತೆ ಜಾಸ್ತಿ.

ತುಕ್ಕಿನ ವಿಷಯ. ಮೇಲಿನ ತುಕ್ಕು ನೋಡಿ ಜನ ಹೆದರುತ್ತಾರೆ, ಅದು ಆಕ್ಸಾಲಿಕ್ ಆಸಿಡ್ ನೀರಿನಲ್ಲಿ ನೆನೆಸಿದರೆ ಹೋಗುತ್ತದೆ. ಹೆದರಬೇಕಾದ್ದು ಒಳಗಿನ ತುಕ್ಕಿಗೆ. ಬೈಕನ್ನು ತಿರುಗಿಸಿ ಅಲುಗಾಡಿಸಿದಾಗ ಒಳಗೆ ಪುಡಿ ಉದುರುವ ಸದ್ದು ಬರುತ್ತದೆಯೇ ಕೇಳಿ. ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಪೈಪಿನ ಉದ್ದಕ್ಕೂ ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಒಂದೇ ಕಡೆ ಸದ್ದು ಮಂಕಾದರೆ ಅಲ್ಲಿ ಇನ್ನೊಮ್ಮೆ ನೋಡಿ. ಸಮುದ್ರದ ಪಕ್ಕದ ಊರುಗಳ ಬೈಕುಗಳಲ್ಲಿ ಬಾಟಮ್ ಬ್ರಾಕೆಟ್ ಡಬ್ಬಿಯ ತಳವನ್ನು ಬಿಡದೆ ನೋಡಿ. ನೀರು ಬಂದು ನಿಲ್ಲುವುದು ಅಲ್ಲೇ.

ಹೊಸದಾಗಿ ಬಣ್ಣ ಹೊಡೆಸಿದ ಬೈಕು ಚೆಂದ ಕಾಣುತ್ತದೆ. ನನಗೆ ಅದು ಕಂಡರೆ ಅನುಮಾನ. ದಪ್ಪ ಪೌಡರ್ ಕೋಟ್ ಕೆಳಗೆ ಸುಕ್ಕು, ಬಿರುಕು, ಸ್ಟಿಕ್ಕರ್ ಎಲ್ಲವೂ ಮುಚ್ಚಿ ಹೋಗಿರುತ್ತವೆ. ಸಂಗ್ರಹಕಾರರೂ ಗೀರು ಬಿದ್ದ ಮೂಲ ಬಣ್ಣಕ್ಕೇ ಹೆಚ್ಚು ಕೊಡುತ್ತಾರೆ.

ಸೀಟು ಅಲುಗುತ್ತಿಲ್ಲ

ಕ್ಲಾಂಪಿನ ಬೋಲ್ಟು ಸಡಿಲ ಮಾಡಿ, ಸೀಟನ್ನು ಎರಡೂ ಕೈಯಿಂದ ಹಿಡಿದು ತಿರುಗಿಸಿ. ತಿರುಗಿದರೆ ಸಂತೋಷ. ತಿರುಗದಿದ್ದರೆ ಬೆಲೆ ಅರ್ಧಕ್ಕೆ ಇಳಿಯಬೇಕು, ನಾನಂತೂ ಹಾಗೇ ಕೇಳುತ್ತೇನೆ. ಮಾರುವವರು "ಸ್ವಲ್ಪ ಎಣ್ಣೆ ಬಿಟ್ಟರೆ ಬರುತ್ತೆ" ಅನ್ನುತ್ತಾರೆ. ಬರುವುದಾಗಿದ್ದರೆ ಅವರೇ ಬಿಟ್ಟಿರುತ್ತಿದ್ದರು, ಅಲ್ವಾ?

ಕಾರಣ ಇಷ್ಟು. ಪೋಸ್ಟು, ಅಂದರೆ ಸೀಟನ್ನು ಹೊತ್ತು ಪೈಪಿನೊಳಗೆ ಇಳಿಯುವ ಕೋಲು, ಅಲ್ಯೂಮಿನಿಯಂ. ಪೈಪು ಸ್ಟೀಲು. ನಡುವೆ ಬೆವರು, ಮಳೆ ನೀರು. ಎರಡು ಲೋಹಗಳ ಮಧ್ಯೆ ನೀರು ಸೇರಿದಾಗ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಜಾಗ ಇಲ್ಲದೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಗ್ರೀಸ್ ಹಚ್ಚಿ ಕೂರಿಸಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಬಿಡಿಸುವ ಕ್ರಮ ಹೀಗೆ. ಬಾಟಮ್ ಬ್ರಾಕೆಟ್ ಬಿಚ್ಚಿ, ಬೈಕನ್ನು ತಲೆಕೆಳಗು ನಿಲ್ಲಿಸಿ, ಕೆಳಗಿನಿಂದ ಸೀಟ್ ಪೈಪಿನೊಳಗೆ ಪೆನೆಟ್ರೇಟಿಂಗ್ ಎಣ್ಣೆ ಬಿಡಿ. ಮೇಲಿನ ಸೀಳಿಗೂ ಬಿಡಿ. ಕೆಲವು ದಿನ ಹಾಗೇ ಇರಲಿ. ಆಮೇಲೆ ಸೀಟು ತೆಗೆದು, ಪೋಸ್ಟಿನ ತಲೆಯನ್ನು ಮೇಜಿಗೆ ಕಚ್ಚಿಸಿದ ವೈಸಿನಲ್ಲಿ ಬಿಗಿದು, ಫ್ರೇಮನ್ನೇ ಹಿಡಿಕೆಯಂತೆ ತಿರುಗಿಸಿ. ಎಳೆಯಬೇಡಿ, ತಿರುಗಿಸಿ. ಒಂದು ಕೂದಲೆಳೆ ಅಲುಗಿದರೆ ಗೆದ್ದ ಹಾಗೆ.

ಬಿಸಿ ಮಾಡುವವರಿದ್ದಾರೆ. ಅಲ್ಯೂಮಿನಿಯಂ ಸ್ಟೀಲಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಎರಡೂ ಒಟ್ಟಿಗೆ ಕಾದರೆ ಇನ್ನೂ ಬಿಗಿಯಾಗುತ್ತದೆ. ತಣ್ಣಗೆ ಮಾಡುವುದೇ ಸರಿ. ಪೋಸ್ಟು ಟೊಳ್ಳಾಗಿದ್ದರೆ ಡ್ರೈ ಐಸ್ ಪುಡಿ ಮಾಡಿ ಒಳಗೆ ತುಂಬಿ. ಕೈಗೆ ದಪ್ಪ ಗ್ಲೌಸು ಇರಲಿ, ಕೆಲಸ ಬಯಲಲ್ಲಿ ನಡೆಯಲಿ. ಅದಕ್ಕೂ ಬಗ್ಗದಿದ್ದರೆ ಪೋಸ್ಟನ್ನು ಒಂದಿಂಚು ಬಿಟ್ಟು ಕತ್ತರಿಸಿ, ಹ್ಯಾಕ್ಸಾ ಬ್ಲೇಡನ್ನು ಒಳಗೆ ಇಳಿಸಿ ಉದ್ದುದ್ದಕ್ಕೆ ಸೀಳಬೇಕು. ಸೀಳಿದ ಮೇಲೆ ಇಕ್ಕಳದಿಂದ ಒಳಕ್ಕೆ ಮಡಚಿ ತೆಗೆಯಬಹುದು. ತಾಳ್ಮೆ ಬೇಡುವ ಕೆಲಸ, ಪೈಪಿಗೆ ಬ್ಲೇಡು ತಾಗಬಾರದು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನು ಕರಗಿಸುತ್ತದೆ, ಸ್ಟೀಲನ್ನು ಮುಟ್ಟುವುದಿಲ್ಲ, ನಿಜ. ಆದರೆ ಬಣ್ಣ ಕಿತ್ತು ಬರುತ್ತದೆ, ಹೈಡ್ರೋಜನ್ ಗ್ಯಾಸ್ ಬಿಡುತ್ತದೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಮನೆಯಲ್ಲಿ ಮಾಡಿ ಎಂದು ನಾನು ಹೇಳುವುದಿಲ್ಲ.

ಹ್ಯಾಂಡಲ್ ಕಾಂಡವೂ, ಅಂದರೆ ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ಮೂ, ಹೀಗೇ ಕಚ್ಚಿಕೊಳ್ಳುತ್ತದೆ. ಮೇಲಿನ ಬೋಲ್ಟನ್ನು ಎರಡು ಮೂರು ಸುತ್ತು ಸಡಿಲಿಸಿ, ಅದರ ತಲೆಯ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದೇಟು ಕೊಡಿ. ಕೆಳಗಿನ ಬೆಣೆ ಬಿಟ್ಟುಕೊಂಡರೆ ಹ್ಯಾಂಡಲ್ ತಿರುಗುತ್ತದೆ. ಬೈಕನ್ನು ಬಿಚ್ಚಿ ಪೆಟ್ಟಿಗೆಗೆ ಹಾಕಿ ಊರಿಗೆ ಒಯ್ಯುವ ಯೋಚನೆ ಇರುವವರು ಇದನ್ನು ಕೊಳ್ಳುವ ಮೊದಲೇ ನೋಡಿ. ಹ್ಯಾಂಡಲ್ ಬರದಿದ್ದರೆ ಪೆಟ್ಟಿಗೆ ಮುಚ್ಚುವುದಿಲ್ಲ.

ತುಳಿದರೆ ಕಿರ್ ಕಿರ್

ಹಳೇ ಸ್ಟೀಲ್ ಬೈಕಿನ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಯಿಂದ ಹೇಳಲು ಆಗುವುದಿಲ್ಲ. ಪೈಪಿನ ಮೂಲಕ ಸದ್ದು ಎಲ್ಲಿಗೆ ಬೇಕಾದರೂ ಓಡುತ್ತದೆ. ಒಂದೊಂದೇ ಭಾಗವನ್ನು ಪಟ್ಟಿಯಿಂದ ಬಿಡುತ್ತಾ ಬರಬೇಕು.

ಮೊದಲು ಕೂತು ತುಳಿಯಿರಿ, ಆಮೇಲೆ ಎದ್ದು ನಿಂತು ತುಳಿಯಿರಿ. ನಿಂತಾಗ ಸದ್ದು ನಿಂತರೆ ಸೀಟು ಅಥವಾ ಪೋಸ್ಟು. ಪೆಡಲ್ ತುಳಿಯದೆ ಬರೀ ಹ್ಯಾಂಡಲನ್ನು ಎಡಬಲ ಎಳೆದಾಗ ಸದ್ದು ಬಂದರೆ ಹ್ಯಾಂಡಲ್ ಕಾಂಡ. ಪೆಡಲ್ ಒಂದು ಸುತ್ತು ಬರುವಾಗ ಒಂದೇ ಸಲ ಬಂದರೆ ಪೆಡಲ್, ಪೆಡಲ್ ಹಿಡಿದಿರುವ ಕೋಲು ಅಂದರೆ ಕ್ರ್ಯಾಂಕ್, ಅಥವಾ ಬಾಟಮ್ ಬ್ರಾಕೆಟ್. ಎರಡು ಮೂರು ಸುತ್ತಿಗೊಮ್ಮೆ ಬಂದರೆ ಚೈನಿನ ಒಂದು ಕೊಂಡಿ ಗಟ್ಟಿಯಾಗಿದೆ, ಎಣ್ಣೆ ಹಾಕಿ ಪಕ್ಕಕ್ಕೆ ಬಾಗಿಸಿದರೆ ಹೋಗುತ್ತದೆ.

ಧಾರವಾಡದ ಗೆಳೆಯರೊಬ್ಬರು ಇಲ್ಲೇ ಬೇ ಏರಿಯಾದ ಸನಿವೇಲ್‌ನಲ್ಲಿದ್ದಾರೆ. ಕಪ್ಪು ಬಣ್ಣ ಬಳಿದ, ಹೆಸರೇ ಇಲ್ಲದ ಒಂದು ಬೈಕು ತಂದರು. "ಬಾಟಮ್ ಬ್ರಾಕೆಟ್ ಹೋಗೇತಂತ್ರೀ, ಅಂಗಡಿಯವ್ರು ಹೇಳಿದ್ರು. ಬದಲಿ ಮಾಡಸಬೇಕೇನ್ರೀ?" ಅಂದರು. ಕೂತು ತುಳಿದರೆ ಸದ್ದು, ನಿಂತರೆ ಇಲ್ಲ. ಬಗ್ಗಿ ಕ್ಲಾಂಪು ನೋಡಿದರೆ ಸೀಟ್ ಪೈಪಿನ ಎರಡು ಕಿವಿಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದಿದ್ದವು. ಸರಿಯಾದ ಪೋಸ್ಟು ಇದ್ದರೆ ಆ ಸಂದು ಸಮಾನಾಂತರವಾಗಿ, ತೆರೆದೇ ಇರುತ್ತದೆ. ಪೋಸ್ಟು ಎಳೆದಾಗ ಅದರ ಜೊತೆ ಅಲ್ಯೂಮಿನಿಯಂ ಡಬ್ಬಿಯ ಹಾಳೆಯೊಂದು ಸುರುಳಿಯಾಗಿ ಹೊರಬಂತು. ಯಾರೋ ಕೂಲ್‌ಡ್ರಿಂಕ್ ಡಬ್ಬಿ ಕತ್ತರಿಸಿ ನಾಲ್ಕು ಸುತ್ತು ಸುತ್ತಿದ್ದರು. ಪೋಸ್ಟಿನ ಮೇಲೆ 26.4 ಎಂದು ಅಚ್ಚು ಒತ್ತಿತ್ತು. ಕಿವಿಗಳನ್ನು ಮೆಲ್ಲಗೆ ಅಗಲಿಸಿ ಪೈಪಿನ ಒಳ ಅಳತೆ ತೆಗೆದರೆ ಕೂರಬೇಕಾದ ಪೋಸ್ಟು 27.2!

ಇದು ಬರೀ ಸದ್ದಿನ ವಿಷಯ ಅಲ್ಲ. ಆ ಕಾಲದ ಬಹುತೇಕ ಸ್ಟೀಲ್ ಮೌಂಟನ್ ಬೈಕುಗಳ ಸೀಟ್ ಪೈಪಿನ ಹೊರ ಅಳತೆ 28.6 ಎಂಎಂ. ಒಳಗೆ ಎಷ್ಟು ದಪ್ಪದ ಪೋಸ್ಟು ಹಿಡಿಯುತ್ತದೆ ಅನ್ನುವುದರಿಂದ ಪೈಪಿನ ಗೋಡೆ ಎಷ್ಟು ತೆಳು ಎಂದು ಗೊತ್ತಾಗುತ್ತದೆ. 27.2 ಹಿಡಿದರೆ ಗೋಡೆ ಸುಮಾರು 0.6 ಎಂಎಂ. ಅಷ್ಟು ತೆಳು ಪೈಪನ್ನು ಅಗ್ಗದ ಸ್ಟೀಲಿನಲ್ಲಿ ಮಾಡುವುದಿಲ್ಲ, ಅದು ಕ್ರೋಮೊಲಿ ಥರದ ಒಳ್ಳೇ ಮಿಶ್ರಲೋಹವೇ ಆಗಿರುತ್ತದೆ. 27.0, 26.8 ಕೂಡ ಒಳ್ಳೇ ಸೂಚನೆ. 26.4ಕ್ಕೆ ಇಳಿದರೆ ಗೋಡೆ ಸುಮಾರು ಒಂದು ಎಂಎಂ, ಮಧ್ಯಮ ದರ್ಜೆ. ಅದಕ್ಕೂ ಕೆಳಗೆ ಬಂದರೆ ದಪ್ಪ ಪೈಪು, ಹೈ-ಟೆನ್ಸೈಲ್ ಎಂಬ ಅಗ್ಗದ ಸ್ಟೀಲು ಇರುವ ಸಾಧ್ಯತೆ ಜಾಸ್ತಿ. ಪೋಸ್ಟಿನ ಅಚ್ಚು ನೋಡಿ ಬಿಟ್ಟಿದ್ದರೆ ಆ ಕಪ್ಪು ಬೈಕು ಮಾಮೂಲಿ ಬೈಕಾಗಿ ಉಳಿಯುತ್ತಿತ್ತು. ಸದ್ದಿನ ಬೆನ್ನು ಹತ್ತಿದ್ದಕ್ಕೆ ಅದು ಒಳ್ಳೇ ಪೈಪಿನ ಬೈಕು ಎಂದು ತಿಳಿಯಿತು. ಹೊಸ 27.2 ಪೋಸ್ಟು, ಗ್ರೀಸು, ಅಷ್ಟೇ. ಬಾಟಮ್ ಬ್ರಾಕೆಟ್ ಮುಟ್ಟಲೇ ಇಲ್ಲ.

ನಿಜವಾಗಿಯೂ ಬಾಟಮ್ ಬ್ರಾಕೆಟ್ ಹೋಗಿದ್ದರೆ ಗುರುತಿಸುವುದು ಸುಲಭ. ಚೈನು ಕೆಳಗಿಳಿಸಿ, ಕ್ರ್ಯಾಂಕ್ ಹಿಡಿದು ಫ್ರೇಮಿನ ಕಡೆಗೆ ತಳ್ಳಿ ಎಳೆಯಿರಿ. ಎರಡೂ ಕ್ರ್ಯಾಂಕ್ ಒಟ್ಟಿಗೆ ಆಡಿದರೆ ಬಾಲ್ಸ್ ಅಥವಾ ಕಪ್ ಸಡಿಲ. ಒಂದೇ ಕ್ರ್ಯಾಂಕ್ ಆಡಿದರೆ ಅದರ ಬೋಲ್ಟು ಸಡಿಲ. ಸಡಿಲ ಕ್ರ್ಯಾಂಕನ್ನು ಹಾಗೇ ತುಳಿದು ಓಡಿಸಿದ್ದರೆ ಚೌಕ ತೂತು ದುಂಡಗಾಗಿ ಹೋಗಿರುತ್ತದೆ. ಎಷ್ಟು ಬಿಗಿದರೂ ಮತ್ತೆ ಸಡಿಲವಾಗುತ್ತದೆ, ಆ ಕ್ರ್ಯಾಂಕ್ ಎಸೆಯುವುದೇ. ಬಿಚ್ಚುವಾಗ ನೆನಪಿರಲಿ: ಚೈನ್ ಬದಿಯ ಕಪ್ಪಿಗೆ ಉಲ್ಟಾ ಮರೆ, ಅಂದರೆ ಉಲ್ಟಾ ಥ್ರೆಡ್. ಪ್ರದಕ್ಷಿಣೆಯಾಗಿ ತಿರುಗಿಸಿದರೆ ಬಿಚ್ಚುತ್ತದೆ.

ಹೆಡ್‌ಸೆಟ್ಟಿಗೆ (ಹೆಡ್ ಪೈಪಿನಲ್ಲಿ ಫೋರ್ಕು ತಿರುಗುವ ಬೇರಿಂಗು) ಎರಡು ಪರೀಕ್ಷೆ. ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ತೂಗಿ, ಟಕ್ ಎಂದರೆ ಸಡಿಲ. ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ನಿಧಾನ ತಿರುಗಿಸಿ, ನೇರಕ್ಕೆ ಬಂದಾಗ ತಾನಾಗಿ ಕಚ್ಚಿ ನಿಂತರೆ ಒಳಗಿನ ಬಟ್ಟಲಿಗೆ ಬಾಲ್ಸಿನ ಗುಳಿ ಬಿದ್ದಿವೆ. ಬದಲಾಯಿಸಬೇಕು.

ಇನ್ನೊಂದು. ಮುಂದಿನ ಚೈನ್ ಚಕ್ರ ತಿರುಗುವಾಗ ಮೇಲೆ ಕೆಳಗೆ ಕುಣಿಯುವುದನ್ನು ನೋಡಿ "ಬೆಂಡಾಗಿದೆ" ಎಂದು ಬೆಲೆ ಇಳಿಸಲು ಹೋಗಬೇಡಿ. ಜಪಾನಿನ ಬಿಡಿಭಾಗ ಕಂಪನಿ ಶಿಮಾನೋದ ಬಯೋಪೇಸ್ ಎಂಬ ಮೊಟ್ಟೆಯಾಕಾರದ ಚಕ್ರಗಳು 80ರ ದಶಕದಲ್ಲಿ ತುಂಬಾ ಬಂದವು. ಅದು ಇರುವುದೇ ಹಾಗೆ.

ಗೇರು ಬೀಳುತ್ತಿಲ್ಲ

90ರ ದಶಕದ ಶುರುವಿನ ಶಿಮಾನೋ ರ‍್ಯಾಪಿಡ್‌ಫೈರ್ ಗೇರ್ ಲಿವರುಗಳಲ್ಲಿ ಒಂದೇ ಕಾಯಿಲೆ. ಒತ್ತಿದರೆ ಲಿವರು ಸುಮ್ನೆ ಹೋಗಿ ಬರುತ್ತದೆ, ಒಳಗೆ ಏನೂ ಕಚ್ಚುವುದಿಲ್ಲ. ಮಾರುವವರು ಮುರಿದಿದೆ ಎಂದು ತಿಳಿದಿರುತ್ತಾರೆ. ಸಾಮಾನ್ಯವಾಗಿ ಮುರಿದಿರುವುದಿಲ್ಲ, ಒಳಗಿನ ಗ್ರೀಸು ಅಂಟಿನಂತೆ ಗಟ್ಟಿಯಾಗಿ ಸಣ್ಣ ಹಲ್ಲುಗಳು ಮೇಲೇಳದಂತೆ ಹಿಡಿದಿರುತ್ತದೆ. ಒಳಕ್ಕೆ ಡಬ್ಲ್ಯೂಡಿ-40 ಧಾರಾಳವಾಗಿ ಹೊಡೆದು, ಲಿವರು ಒತ್ತುತ್ತಾ ಇರಿ. ಕೊಳೆ ಹರಿದು ಬರುತ್ತದೆ. ಮತ್ತೆ ಹೊಡೆಯಿರಿ. ಕಚ್ಚಲು ಶುರುವಾದ ಮೇಲೆ ತೆಳು ಎಣ್ಣೆ ಹಾಕಿ. ಹಿಂದಿನ ಚಕ್ರದ ನಡುವಿನ ಹಬ್ಬಿನಲ್ಲೂ ಇದೇ ತೊಂದರೆ ಆಗುತ್ತದೆ: ಪೆಡಲ್ ಮುಂದಕ್ಕೆ ತುಳಿದರೂ ಚಕ್ರ ತಿರುಗುವುದಿಲ್ಲ. ಬಿಚ್ಚಿ ತೊಳೆದರೆ ಬಹಳಷ್ಟು ಸಲ ಬದುಕುತ್ತದೆ. ಬೆಲೆ ಇಳಿಸಿಕೊಳ್ಳಲು ಇದಕ್ಕಿಂತ ಒಳ್ಳೇ ದೋಷ ಇನ್ನೊಂದಿಲ್ಲ. ನೋಡಲು ದೊಡ್ಡದು, ರಿಪೇರಿ ಪುಕ್ಕಟೆ.

ಹ್ಯಾಂಡಲ್ ಮೇಲೆ ಕೂರುವ ಹೆಬ್ಬೆರಳಿನ ಹಳೇ ಲಿವರುಗಳಿದ್ದರೆ ಬಾಯಿ ಮುಚ್ಚಿಕೊಂಡಿರಿ. ಶಿಮಾನೋ ಡಿಯೋರ್ ಎಕ್ಸ್‌ಟಿ ದರ್ಜೆಯ ಜೋಡಿಯನ್ನು ಬಿಡಿಯಾಗಿ ಹುಡುಕಿಕೊಂಡು ಕೊಳ್ಳುವವರಿದ್ದಾರೆ.

ಬ್ರೇಕಿನ ವಿಷಯದಲ್ಲಿ ಒಂದೇ ಎಚ್ಚರ. 1986ರಿಂದ 89ರ ಆಸುಪಾಸಿನ ಬೈಕುಗಳಲ್ಲಿ ಹಿಂದಿನ ಬ್ರೇಕ್ ಕೆಳ ಪೈಪಿನ ಅಡಿಯಲ್ಲಿ, ಬಾಟಮ್ ಬ್ರಾಕೆಟ್ ಹತ್ತಿರ ಇರುವುದುಂಟು. ಯು-ಬ್ರೇಕ್, ರೋಲರ್ ಕ್ಯಾಮ್ ಎಂಬ ಜಾತಿ. ಕೆಸರೆಲ್ಲ ಅಲ್ಲೇ ಸೇರುತ್ತದೆ. ಅದರ ಗೂಟಗಳು ಬೆಸೆದಿರುವ ಜಾಗವೇ ಬೇರೆ, ಹಾಗಾಗಿ ಮಾಮೂಲಿ ಕ್ಯಾಂಟಿಲಿವರ್ ಅಥವಾ ವಿ-ಬ್ರೇಕ್ ಅಲ್ಲಿಗೆ ಹಾಕಲು ಬರುವುದಿಲ್ಲ. ಇರುವ ಬ್ರೇಕ್ ಕೆಟ್ಟಿದ್ದರೆ ಅದೇ ಜಾತಿಯದನ್ನು ಹುಡುಕಬೇಕು.

ಮುಂದೆ 90ರ ದಶಕದ ಸಸ್ಪೆನ್ಷನ್ ಫೋರ್ಕ್ ಇದ್ದರೆ ಅದಕ್ಕೆ ದುಡ್ಡು ಕೊಡಬೇಡಿ. ಒಳಗಿನ ರಬ್ಬರಿನಂಥ ಇಲಾಸ್ಟೊಮರ್ ತುಂಡುಗಳು ಇಷ್ಟರಲ್ಲಿ ಪುಡಿಯಾಗಿರುತ್ತವೆ, ಇಲ್ಲವೇ ಬೆಲ್ಲದ ಪಾಕವಾಗಿರುತ್ತವೆ. ಮೂಲ ಸ್ಟೀಲ್ ಫೋರ್ಕ್ ಮನೆಯಲ್ಲಿದೆಯೇ ಕೇಳಿ. ಇದ್ದರೆ ಅದನ್ನೂ ಸೇರಿಸಿ ಕೊಡಲು ಹೇಳಿ. ರಿಮ್ಮಿನ ಬದಿ ಒಳಕ್ಕೆ ಬಾಗಿದಂತೆ ಸವೆದಿದ್ದರೆ ಚಕ್ರದ ಲೆಕ್ಕವನ್ನೂ ಸೇರಿಸಿಕೊಳ್ಳಿ.

ಹಾಗಾದರೆ ಯಾವ ವರ್ಷದ್ದು?

ಶಿಮಾನೋ ಭಾಗಗಳ ಮೇಲೆ ಎರಡು ಅಕ್ಷರದ ಅಚ್ಚು ಇರುತ್ತದೆ. ಕ್ರ್ಯಾಂಕಿನ ಹಿಂಬದಿ ನೋಡಿದರೆ ಸುಲಭವಾಗಿ ಸಿಗುತ್ತದೆ. ಮೊದಲ ಅಕ್ಷರ ವರ್ಷ: ಎ ಅಂದರೆ 1976, ಬಿ ಅಂದರೆ 1977, ಹೀಗೆ ಸಾಲಾಗಿ ಜೆಡ್ ಅಂದರೆ 2001. ಎರಡನೆಯದು ತಿಂಗಳು: ಎ ಜನವರಿ, ಎಲ್ ಡಿಸೆಂಬರ್. ಸನಿವೇಲ್‌ನ ಕಪ್ಪು ಬೈಕಿನ ಕ್ರ್ಯಾಂಕಿನಲ್ಲಿ 'ಎನ್‌ಜಿ' ಇತ್ತು, ಹಿಂದಿನ ಗೇರಿನಲ್ಲಿ 'ಎನ್‌ಎಫ್', ಬ್ರೇಕಿನಲ್ಲಿ ಮತ್ತೆ 'ಎನ್‌ಜಿ'. ಅಂದರೆ 1989ರ ಜೂನ್, ಜುಲೈ. ಮೂರೂ ಒಂದೇ ಕಾಲದವು, ಹಾಗಾಗಿ ಭಾಗಗಳು ಮೂಲದವೇ. ಬೇಸಿಗೆಯಲ್ಲಿ ತಯಾರಾದ ಭಾಗಗಳು ಸಾಮಾನ್ಯವಾಗಿ ಮುಂದಿನ ವರ್ಷದ ಮಾಡೆಲ್ಲಿಗೆ ಸೇರುತ್ತವೆ. ಅದು 1990ರ ಬೈಕು ಅನ್ನಲು ಅಡ್ಡಿಯಿಲ್ಲ. ಒಂದೇ ಭಾಗದ ಅಚ್ಚು ನೋಡಿ ವರ್ಷ ಹೇಳಬಾರದು. ಬದಲಾಯಿಸಿದ ಭಾಗ ಅದೇ ಆಗಿರಬಹುದು.

ಅಚ್ಚು ಅಳಿಸಿದ್ದರೆ ಫ್ರೇಮೇ ಮಾತಾಡುತ್ತದೆ. ಹಿಂದಿನ ಕೊಕ್ಕೆಗಳ ನಡುವಿನ ಅಗಲ 126 ಎಂಎಂ ಇದ್ದರೆ 80ರ ದಶಕದ ಮೊದಲ ಭಾಗ, 130 ಇದ್ದರೆ ಅದರ ಕೊನೆಯ ಭಾಗ, 135 ಇದ್ದರೆ 1990ರ ಆಸುಪಾಸು ಅಥವಾ ಅದರ ನಂತರ. ಹ್ಯಾಂಡಲ್ ಮತ್ತು ಕಾಂಡ ತ್ರಿಕೋನವಾಗಿ ಒಂದೇ ತುಂಡಾಗಿದ್ದರೆ ಅದು 80ರ ದಶಕದ ಶುರುವಿನ ಬುಲ್‌ಮೂಸ್ ಹ್ಯಾಂಡಲ್. ಹೆಡ್‌ಸೆಟ್ಟಿಗೆ ಮೇಲೆ ನಟ್ಟು ಇಲ್ಲದೆ ಕಾಂಡವೇ ಹೊರಗಿನಿಂದ ಹಿಡಿದಿದ್ದರೆ 90ರ ದಶಕಕ್ಕೆ ಬಂದಿದ್ದೀರಿ. ಜಪಾನಿನಲ್ಲಿ ತಯಾರಾಗಿದೆಯೋ ತೈವಾನಿನಲ್ಲೋ ಅನ್ನುವುದೂ ಒಂದು ಸುಳಿವು. 1985ರ ಪ್ಲಾಜಾ ಒಪ್ಪಂದದ ನಂತರ ಯೆನ್ ಬೆಲೆ ಏರಿ ಜಪಾನಿನಲ್ಲಿ ಮಾಡಿಸುವುದು ಅಮೆರಿಕದ ಕಂಪನಿಗಳಿಗೆ ದುಬಾರಿಯಾಯಿತು. ಕೆಲಸ ತೈವಾನಿಗೆ ಹೋಯಿತು. ತೈವಾನ್ ಎಂದರೆ ಕಳಪೆ ಅಂದುಕೊಳ್ಳಬೇಡಿ, ಒಳ್ಳೊಳ್ಳೇ ಫ್ರೇಮು ಅಲ್ಲಿಂದ ಬಂದಿವೆ.

ಈಗ ಸ್ಟಿಕ್ಕರ್ ಓದಿ. ಪೈಪಿನ ಸ್ಟಿಕ್ಕರಿನಲ್ಲಿ ಬರೆದಿರುವುದನ್ನು ವಕೀಲರ ಕಣ್ಣಿನಿಂದ ಓದಬೇಕು. 'ಕ್ರೋಮೊಲಿ ಮುಖ್ಯ ಪೈಪುಗಳು' ಎಂದಿದ್ದರೆ ಮುಂದಿನ ಮೂರು ಪೈಪು ಮಾತ್ರ ಒಳ್ಳೆಯವು, ಹಿಂದಿನವೂ ಫೋರ್ಕೂ ಹೈ-ಟೆನ್ಸೈಲ್ ಇರಬಹುದು. ಟಾಂಗೆ ಪ್ರೆಸ್ಟೀಜ್, ರಿಚಿ ಲಾಜಿಕ್, ಟ್ರೂ ಟೆಂಪರ್, ಕೊಲಂಬಸ್, ರೇನಾಲ್ಡ್ಸ್ ಎಂಬ ಒಳ್ಳೇ ಪೈಪುಗಳ ಹೆಸರಿದ್ದರೆ ಸಂತೋಷಪಡಿ, ಆದರೆ ಪೋಸ್ಟಿನ ಅಳತೆ ಅದಕ್ಕೆ ತಾಳೆಯಾಗಬೇಕು. ಸ್ಟಿಕ್ಕರುಗಳನ್ನು ಈಗ ಹೊಸದಾಗಿ ಅಚ್ಚು ಹಾಕಿಸಿ ಮಾರುತ್ತಾರೆ. ಪೈಪಿನ ಗೋಡೆಯನ್ನು ಯಾರೂ ತೆಳು ಮಾಡಲಾರರು.

ಬೆಲೆ

ಮಾರಾಟಕ್ಕಿಟ್ಟ ಬೆಲೆ ನೋಡಬೇಡಿ. ಇಬೇಯಲ್ಲಿ ಮಾರಾಟವಾದ ವಸ್ತುಗಳನ್ನು ಮಾತ್ರ ತೋರಿಸುವ ಆಯ್ಕೆ ಇದೆ, ಅದನ್ನು ಒತ್ತಿ. ಕೇಳುವವರು ಸಾವಿರ ಕೇಳಬಹುದು, ಕೊಟ್ಟವರು ಎಷ್ಟು ಕೊಟ್ಟರು ಅನ್ನುವುದೇ ಲೆಕ್ಕ.

ಆ ಮೊತ್ತದಿಂದ ಕಳೆಯುತ್ತಾ ಬನ್ನಿ. ನಿಂತೇ ಇದ್ದ ಬೈಕಿಗೆ ಎರಡು ಟಯರು, ಟ್ಯೂಬು, ಚೈನು, ಕೇಬಲ್ಲುಗಳು, ಬ್ರೇಕ್ ರಬ್ಬರು ಬೇಕೇ ಬೇಕು. ನೀವೇ ಕೂರಿಸಿದರೂ ಇಲ್ಲಿ ನೂರೈವತ್ತು ಡಾಲರ್ ಹತ್ತಿರ ಹೋಗುತ್ತದೆ. ಅಂಗಡಿಗೆ ಕೊಟ್ಟರೆ ಕೂಲಿ ಬೇರೆ. ಎಷ್ಟೋ ಸಾಧಾರಣ ಬೈಕುಗಳ ಬೆಲೆಯೇ ಅಷ್ಟಿರುತ್ತದೆ. ಹಾಗಾಗಿ ಹೈ-ಟೆನ್ಸೈಲ್ ಬೈಕು ಕೆಟ್ಟು ನಿಂತಿದ್ದರೆ ಪುಕ್ಕಟೆ ಕೊಟ್ಟರೂ ಯೋಚಿಸಿ. ಚೆನ್ನಾಗಿ ಓಡುತ್ತಿದ್ದರೆ ಮಾತ್ರ ಅದು ಒಳ್ಳೇ ಆಫೀಸ್ ಸೈಕಲ್ಲು.

ಪೂರ್ತಿ ಕ್ರೋಮೊಲಿ, ನೇರ ಫ್ರೇಮು, ಬಿಡಿಸಲು ಬರುವ ಪೋಸ್ಟು, ಮೂಲ ಫೋರ್ಕು ಇರುವ 1988ರಿಂದ 95ರ ನಡುವಿನ ಬೈಕಿಗೆ ನಾನು ಮುನ್ನೂರು ಡಾಲರಿನ ಒಳಗೆ ಚೌಕಾಸಿ ಮಾಡುತ್ತೇನೆ. ಟ್ರೆಕ್ ಕಂಪನಿಯ ಲಗ್ (ಪೈಪುಗಳನ್ನು ಜೋಡಿಸುವ ತೋಳು) ಕೂಡಿಸಿದ 950, 970 ಅಂಥವು, ಬ್ರಿಜ್‌ಸ್ಟೋನ್ ಎಂಬಿ-1 ಅಂಥವು ಇದಕ್ಕಿಂತ ಮೇಲೆ ಹೋಗುತ್ತವೆ. ಬ್ರಿಜ್‌ಸ್ಟೋನ್ 1994ರಲ್ಲಿ ಅಮೆರಿಕದ ಸೈಕಲ್ ವ್ಯಾಪಾರವನ್ನೇ ಮುಚ್ಚಿತು, ಅದರ ಅಭಿಮಾನಿಗಳು ಮಾತ್ರ ಹಾಗೇ ಉಳಿದಿದ್ದಾರೆ. ಮೊದಲ ವರ್ಷಗಳ ಸ್ಟಂಪ್‌ಜಂಪರ್, ಕೈಯಲ್ಲಿ ಕಟ್ಟಿದ ರಿಚಿ, ಬ್ರೀಜರ್ ಇವುಗಳ ಲೆಕ್ಕವೇ ಬೇರೆ. ಅಲ್ಲಿ ಕೆಟ್ಟ ಬಣ್ಣ, ಗಟ್ಟಿ ಪೋಸ್ಟು ಯಾವುದೂ ಸಂಗ್ರಹಕಾರರನ್ನು ಓಡಿಸುವುದಿಲ್ಲ. ಅಂಥದ್ದು ಸಿಕ್ಕಿದರೆ ಏನನ್ನೂ ತೊಳೆಯಬೇಡಿ, ಬದಲಾಯಿಸಬೇಡಿ. ಮೊದಲು ತಿಳಿದವರಿಗೆ ತೋರಿಸಿ.

ಕಪ್ಪು ಬಣ್ಣ ಬಳಿದಿದ್ದರಿಂದ ಸನಿವೇಲ್‌ನ ಆ ಬೈಕಿಗೆ ಸಂಗ್ರಹದ ಬೆಲೆ ಇಲ್ಲ. ಓಡಿಸುವವರ ಬೆಲೆ ಇದೆ. 26 ಇಂಚಿನ ಟಯರು ಇಲ್ಲಿ ಈಗಲೂ ಸಿಗುತ್ತದೆ, ಬೆಂಗಳೂರಿನಲ್ಲೂ ಸಿಗುತ್ತದೆ. ಹಾಗಾಗಿ ಗೆಳೆಯರು ಅದನ್ನು ಮಾರುವ ಯೋಚನೆ ಬಿಟ್ಟಿದ್ದಾರೆ.

ದುಡ್ಡು ಕೊಡುವ ಮುಂಚೆ ಬಾಟಮ್ ಬ್ರಾಕೆಟ್ಟಿನ ತಳದಲ್ಲಿರುವ ಸೀರಿಯಲ್ ನಂಬರಿನ ಫೋಟೋ ತೆಗೆದು, ಬೈಕ್ ಇಂಡೆಕ್ಸ್ ಎಂಬ ನೋಂದಣಿ ತಾಣದಲ್ಲಿ ಹುಡುಕಿ. ಕಳವಾದ ಬೈಕುಗಳನ್ನು ಮಾಲೀಕರು ಅಲ್ಲಿ ದಾಖಲಿಸಿರುತ್ತಾರೆ. ನಂಬರಿನ ಜಾಗವನ್ನು ಅರದಿಂದ ಉಜ್ಜಿದ್ದರೆ ಬೆಲೆ ಎಷ್ಟೇ ಕಡಿಮೆಯಾಗಿರಲಿ, ಆಲನ್ ಕೀ ಜೇಬಿಗೆ ಹಾಕಿಕೊಂಡು ವಾಪಸ್ ಬನ್ನಿ.